ಹಳೇ ಮಾತ್ರೆಗೆ ಹೊಸ ಕ್ಯಾಲೆಂಡರ್

ಎಲ್ಲಾ ಶುರುವಾದದ್ದು ಒಂದು ಚೀಲದಿಂದ. ಅದೂ ಬಂದ ಚೀಲದಿಂದಲ್ಲ, ಬಾರದೆ ಹೋದ ಚೀಲದಿಂದ.

ಹಾರೋಹಳ್ಳಿ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಸ್ಟೋರಿನ ಚನ್ನಲಿಂಗಪ್ಪ ಆ ಗುರುವಾರ ಬೆಳಿಗ್ಗೆ ಎಂಟು ಗಂಟೆಯಿಂದ ಹೂವಿನ ಗಂಗಲಕ್ಷ್ಮಮ್ಮನ ದಾರಿ ಕಾಯುತ್ತಿದ್ದ. ಅವಳು ಬರಬೇಕಿತ್ತು, ಬರುವಾಗ ತನ್ನ ಮನೆಯ ಮಾತ್ರೆ ಚೀಲ ತರಬೇಕಿತ್ತು. ನಮ್ಮ ಕಡೆ ಯಾರ ಮನೆಗೆ ಹೋದರೂ ಅಂಥದೊಂದು ಚೀಲ ಇದ್ದೇ ಇರುತ್ತದೆ. ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕವರು. ಅದರಲ್ಲಿ ತೀರಿಹೋದ ಅಜ್ಜನ ಕೆಮ್ಮಿನ ಮಾತ್ರೆ, ಸೊಸೆಯ ಬಾಣಂತನದ ಕಬ್ಬಿಣದ ಮಾತ್ರೆ, ಯಾವುದೋ ಜ್ವರದಲ್ಲಿ ಮೂರು ನುಂಗಿ ಎರಡು ಉಳಿಸಿದ್ದು. ಮಾತ್ರೆ ಎಸೆಯುವುದೆಂದರೆ ಅನ್ನ ಎಸೆದ ಹಾಗೆ. ಪಕ್ಕದ ಮನೆಯವರು ತಲೆಸುತ್ತು ಎಂದರೆ ಕರಿಬೇವು ಕೊಟ್ಟಷ್ಟೇ ಸಲೀಸಾಗಿ ಒಂದನ್ನು ಕಿತ್ತು ಕೊಡುತ್ತಾರೆ.

ಚನ್ನಲಿಂಗಪ್ಪನ ಪರೀಕ್ಷೆ ಇದ್ದದ್ದು ಆ ಚೀಲದ ಮೇಲೆಯೇ. ಬಿ.ಫಾರ್ಮ ಮುಗಿಸಿ ಹದಿನೆಂಟು ವರ್ಷ ಕೌಂಟರಿನ ಹಿಂದೆ ನಿಂತೇ ಸವೆದಿದ್ದ ಅವನು, ನಲವತ್ತೆರಡನೇ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಕ್ಲಿನಿಕಲ್ ಫಾರ್ಮಸಿಯ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಿದ್ದ. ಅಂಚೆಯಲ್ಲಿ ಬಂದ ದಪ್ಪ ಪುಸ್ತಕಗಳನ್ನು ಗಿರಾಕಿಗಳ ನಡುವೆ ಓದಿ ಥಿಯರಿ ಹೇಗೋ ದಾಟಿದ. ಪ್ರಾಯೋಗಿಕದಲ್ಲಿ ಎರಡು ಸಲ ಡುಮ್ಕಿ. ಈ ಸಲ ಮೂರನೆಯದು, ಕೊನೆಯದು. ಇದೂ ಹೋದರೆ ಕೋರ್ಸಿನ ನೋಂದಣಿಯೇ ರದ್ದು.

ಹೋಗಲಿ ಎಂದು ಬಿಡುವಂತೆಯೂ ಇರಲಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಎದ್ದಿದ್ದ ಒಂದು ದೊಡ್ಡ ಫ್ಯಾಕ್ಟರಿಯವರು ತಮ್ಮ ಆರೋಗ್ಯ ಕೇಂದ್ರಕ್ಕೆ ಕ್ಲಿನಿಕಲ್ ಫಾರ್ಮಸಿಸ್ಟ್ ಬೇಕು ಎಂದಿದ್ದರು. ಸರ್ಟಿಫಿಕೇಟು ತಂದರೆ ಕೆಲಸ ನಿನಗೇ ಎಂದೂ ಹೇಳಿದ್ದರು. ಚನ್ನಲಿಂಗಪ್ಪ ಹೋಗಿ ಆ ಕೋಣೆ ನೋಡಿ ಬಂದಿದ್ದ. ಒಂದು ಮೇಜು, ಈ ಕಡೆ ಅವನ ಕುರ್ಚಿ, ಆ ಕಡೆ ರೋಗಿಯ ಕುರ್ಚಿ. ಕೂತು ಮಾತಾಡುವ ಕೆಲಸ! ಕಾಲಿನ ನರಗಳು ಹುರಿಹಗ್ಗದಂತೆ ಗಂಟುಕಟ್ಟಿಕೊಂಡಿದ್ದ ಅವನಿಗೆ ಆ ಕುರ್ಚಿ ರಾತ್ರಿ ಕನಸಿನಲ್ಲೂ ಬರುತ್ತಿತ್ತು.

ಪ್ರಾಯೋಗಿಕಕ್ಕೆ ಅವನು ಆರಿಸಿಕೊಂಡ ರೋಗಿ ಗಂಗಲಕ್ಷ್ಮಮ್ಮ. ಆರು ವಾರ ಅವಳ ಬಿ.ಪಿ. ನೋಡಿ, ಬರೆದಿಟ್ಟು, ತಿಳಿಹೇಳಿದ್ದ. ಅದರಲ್ಲೂ ಒಂದು ಮಾತನ್ನು ವಾರಕ್ಕೆರಡು ಸಲ ಹೇಳಿದ್ದ: "ನಿನ್ನ ಮಾತ್ರೆ ನಿಂಗೆ ಮಾತ್ರ ಕಣಮ್ಮ, ಇನ್ನೊಬ್ರಿಗೆ ಕೊಡಬ್ಯಾಡ." ಅವಳು ಪ್ರತಿಸಲವೂ "ಆಯ್ತು ಕಣಣ್ಣ" ಎಂದು ತಲೆಯಾಡಿಸಿದ್ದಳು. ಕೊನೆಯ ದಿನ, ಪರೀಕ್ಷಕರ ಎದುರು, ಅವಳ ಮನೆಯ ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಮಾತ್ರೆಯನ್ನು ಪರಿಶೀಲಿಸಬೇಕು. ಬಾಹ್ಯ ಪರೀಕ್ಷಕರು ಗುರುವಾರ ಮಧ್ಯಾಹ್ನ ನಿಮ್ಮ ಕೆಲಸದ ಸ್ಥಳಕ್ಕೆ ಬಂದು ಪರಿಶೀಲಿಸುವರು ಎಂದು ಪತ್ರ ಬಂದಿತ್ತು. ರೋಗಿಯೊಂದಿಗೆ ಮಾತುಕತೆಗೆ ನಲವತ್ತು ಅಂಕ, ಮೂಲ ದಾಖಲೆಗಳಿಗೆ ಐವತ್ತು, ಆತ್ಮವಿಮರ್ಶೆಗೆ ಹತ್ತು.

ಪಕ್ಕದ ಟೀ ಅಂಗಡಿಯ ನಾಗರಾಜುವಿನಿಂದ ಒಂದು ಮೇಜು, ಎರಡು ಕುರ್ಚಿ ತಂದು ಅಂಗಡಿಯ ಮುಂದೆ ಹಾಕಿಸಿದ್ದಾಗಿತ್ತು. ಹೆಂಡತಿ ಸರ್ವಮಂಗಳ ಇಸ್ತ್ರಿ ಮಾಡಿಕೊಟ್ಟ ಬಿಳಿ ಕೋಟು ಆಗಲೇ ಬೆವರಿಗೆ ಬೆನ್ನಿಗಂಟಿತ್ತು. ಒಂಬತ್ತೂವರೆಯಾದರೂ ರೋಗಿ ಪತ್ತೆಯಿಲ್ಲ. ಅಂಗಡಿ ಬಿಟ್ಟು ಹೋಗಲಾರದೆ ಚನ್ನಲಿಂಗಪ್ಪ ನಾಗರಾಜುವನ್ನೇ ಗೋಗರೆದ.

"ಒಸಿ ಅವಳ ಮನೆ ತಾವ ಓಗಿ ಬಾರಯ್ಯ. ಮನೇಲಿರೋ ಹಳೇ ಮಾತ್ರೆ ಎಲ್ಲಾ ತಕ್ಕಂಡು ಈಗಿಂದೀಗ್ಲೇ ಬರಬೇಕಂತೆ ಅಂತ ಯೋಳು."

ನಾಗರಾಜು ಒಳ್ಳೆಯವನು. ಅದೇ ಅವನ ತೊಂದರೆ. ಊರಿನ ಯಾವ ಕೆಲಸಕ್ಕೂ ಇಲ್ಲವೆಂದವನಲ್ಲ, ಯಾವ ಕೆಲಸವನ್ನೂ ಸದ್ದಿಲ್ಲದೆ ಮಾಡಿದವನೂ ಅಲ್ಲ. ಗಂಗಲಕ್ಷ್ಮಮ್ಮನ ಮನೆಗೆ ಬೀಗ ಬಿದ್ದಿತ್ತು. ಮೊದಲ ಬಸ್ಸಿಗೇ ಎಲ್ಲಿಗೋ ಹೋದಳು ಎಂದರು ಅಕ್ಕಪಕ್ಕದವರು. ಅವಳು ಬಂದರೆ ತಿಳಿಸಲಿ ಎಂದು ನಾಗರಾಜು ಬೀದಿಯ ನಡುವೆ ನಿಂತು, ನಲ್ಲಿಯ ಹತ್ತಿರವಿದ್ದವರಿಗೆಲ್ಲ ಕೇಳುವಂತೆ, "ಮನೇಲಿರೋ ಹಳೇ ಮಾತ್ರೆ ಎಲ್ಲಾ ಮೆಡಿಕಲ್‌ಗೆ ತಂದುಕೊಡಬೇಕಂತೆ, ಇವತ್ತೇ ಕಡೇ ದಿನ" ಎಂದು ಸಾರಿ ಬಂದ.

ಈಗ ನೋಡಿ, ಆ ಬೀದಿಗೆ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಒಬ್ಬ ಬರುತ್ತಾನೆ. ಹಳೇ ಸೀರೆ ಕೊಟ್ಟರೆ ಪ್ಲಾಸ್ಟಿಕ್ ಬಕೆಟ್ಟು ಕೊಡುತ್ತಾನೆ, ಹಳೇ ಪ್ಯಾಂಟಿಗೆ ಸ್ಟೀಲ್ ತಟ್ಟೆ. ಹಳೆಯದನ್ನು ಯಾರಾದರೂ ತನ್ನಿ ಎಂದರೆ ಬದಲಿಗೆ ಏನೋ ಕೊಡುತ್ತಾರೆ ಎಂಬುದು ಅಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅದೂ ಇವತ್ತೇ ಕಡೇ ದಿನ ಎಂದ ಮೇಲೆ.

ಹತ್ತೂವರೆಗೆ ಬದ್ರುನ್ನೀಸಾ ತನ್ನ ಅತ್ತೆಯೊಂದಿಗೆ ಒಂದು ಅಕ್ಕಿ ಚೀಲ ಹೊತ್ತು ಬಂದಳು. ಹಿಂದೆಯೇ ಏಳೆಂಟು ಹೆಂಗಸರು. ಹನ್ನೊಂದಕ್ಕೆ ಸಾಲು ಟೀ ಅಂಗಡಿ ದಾಟಿತು. ಮೊದಲ ಪಾಳಿ ಮುಗಿಸದೆಯೇ ಫ್ಯಾಕ್ಟರಿಯಿಂದ ಓಡಿ ಬಂದವರೂ ಇದ್ದರು.

"ಅಣ್ಣಾ, ನಂದು ಎರಡು ಕೆ.ಜಿ. ಐತೆ. ಏನು ಕೊಡ್ತೀರಾ?" ಎಂದಳು ಬದ್ರುನ್ನೀಸಾ.

"ಏನ್ ಕೊಡ್ತೀನಿ ಅಂದ್ರೆ?"

"ಬಕೆಟ್ಟೋ, ಹೊಸ ಮಾತ್ರೆಯೋ?"

ಚನ್ನಲಿಂಗಪ್ಪ ಚೀಲವನ್ನು ಅವಳ ಕಡೆಗೇ ತಳ್ಳಿದ. "ಯಾರಮ್ಮ ಹೇಳಿದ್ದು? ಏನೂ ಕೊಡಲ್ಲ, ಎಲ್ಲಾ ಮನೆಗೆ ಹೋಗಿ" ಎಂದು ಕೂಗಿದ. ಯಾರೂ ಕದಲಲಿಲ್ಲ. ಸಾಲು ಬಿಟ್ಟು ಹೋದವರಿಗೆ ಏನೂ ಸಿಗುವುದಿಲ್ಲ ಎಂಬುದೂ ಅವರಿಗೆ ಅನುಭವದಿಂದ ಗೊತ್ತಿತ್ತು. ಬದ್ರುನ್ನೀಸಾಳ ಅತ್ತೆ ಮಂಡಿನೋವೆಂದು ರೋಗಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಳು. ಇನ್ನೊಂದರ ಮೇಲೆ ಯಾರೋ ಚೀಲ ಇಟ್ಟರು. ಕೂತು ಪರೀಕ್ಷೆ ಕೊಡಬೇಕಿದ್ದವನು ಎಂದಿನಂತೆ ನಿಂತ.

ಕೋಡಿಹಳ್ಳಿ ಕಡೆಯ ಮರಿಯಪ್ಪ ಸಾಲು ಮುರಿದು ಮುಂದೆ ಬಂದು, ಅಡಿಕೆಯಷ್ಟು ದಪ್ಪದ ಒಂದು ಗುಳಿಗೆಯನ್ನು ಮೇಜಿನ ಮೇಲಿಟ್ಟ.

"ಇದೇನ್ರೀ ಇದು?"

"ಹಸೀಂದು. ಜಂತುಹುಳಕ್ಕೆ ಕೊಟ್ಟಿದ್ರು. ಅದು ಅರ್ಧ ತಿಂತು, ನಾನು ಅರ್ಧ ತಿಂದೆ. ಉಳಿದಿರೋದು ಇದೊಂದೇಯ."

"ನೀವ್ಯಾಕೆ ತಿಂದ್ರಿ?"

"ವೇಸ್ಟ್ ಆಯ್ತದಲ್ಲ!"

ಚನ್ನಲಿಂಗಪ್ಪ ತಲೆ ಮೇಲೆ ಕೈಹೊತ್ತ. ಆಗ ನಾಗರಾಜು ಕಿವಿಯ ಹತ್ತಿರ ಬಗ್ಗಿ, ತಾನು ಹಚ್ಚಿದ ಬೆಂಕಿಗೆ ತಾನೇ ನೀರು ತಂದವನಂತೆ, ಒಂದು ಉಪಾಯ ಹೇಳಿದ.

"ಅಲ್ಲ ಕಣಣ್ಣ, ನಿಂಗೆ ಒಂದು ಚೀಲ ತಾನೆ ಬೇಕಿದ್ದುದ್ದು? ಗಂಗಲಕ್ಷ್ಮಮ್ಮ ಬರದಿದ್ರೆ ಓಯ್ತು ಬುಡು, ಇಲ್ಲಿ ನಲವತ್ತು ಚೀಲ ಅವೆ. ಎಲ್ಲಾ ನೋಡಿ ಬರ್ಕೊ. ಆ ಪರೀಕ್ಷೆಯೋರು ಬಂದು ನೋಡಿದ್ರೆ ಮೂಗಿನ ಮೇಲೆ ಬೆರಳು ಇಟ್ಕೋಬೇಕು."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಯೋಚಿಸಿದಷ್ಟೂ ಚನ್ನಲಿಂಗಪ್ಪನಿಗೆ ಇದು ಸರಿಯೆನ್ನಿಸಿತು. ಪಠ್ಯದಲ್ಲೇ ಇತ್ತಲ್ಲ, ಅವಧಿ ಮೀರಿದ ಔಷಧಗಳನ್ನು ರೋಗಿಯ ಮನವೊಲಿಸಿ ಹಿಂಪಡೆಯಬೇಕು ಎಂದು! ಆದರೆ ಬರಿಗೈಯಲ್ಲಿ ಮನವೊಲಿಸುವುದು ಆ ಬೀದಿಯಲ್ಲಿ ಸಾಧ್ಯವಿರಲಿಲ್ಲ. ಅದಕ್ಕೂ ದಾರಿ ಹೊಳೆಯಿತು. ಡಿಸೆಂಬರು ಬಂದಿತ್ತು, ಔಷಧ ಕಂಪನಿಯ ಪ್ರತಿನಿಧಿಗಳು ಕೊಟ್ಟುಹೋದ ಹೊಸ ವರ್ಷದ ಕ್ಯಾಲೆಂಡರುಗಳು ಕಟ್ಟುಗಟ್ಟಲೆ ಬಿದ್ದಿದ್ದವು. ನಾಗರಾಜು ಆಗಲೇ ತನ್ನ ಅಂಗಡಿಯ ಬೋರ್ಡಿನಲ್ಲಿ ಇಡ್ಲಿ ವಡೆ ಅಳಿಸಿ, ಸುಣ್ಣದಕಡ್ಡಿಯಲ್ಲಿ ದಪ್ಪಗೆ ಬರೆದಿಟ್ಟ: "ಇಲ್ಲಿ ಹಳೇ ಮಾತ್ರೆ ಪಡೆದು ಹೊಸ ಕ್ಯಾಲೆಂಡರ್ ಕೊಡಲಾಗುವುದು."

ಕೆಲಸ ಶುರುವಾಯಿತು. ಹಾಗೆ ನೋಡಿದರೆ ಚನ್ನಲಿಂಗಪ್ಪ ಆ ದಿನ ಚೆನ್ನಾಗಿಯೇ ಕೆಲಸ ಮಾಡಿದ. ಒಬ್ಬೊಬ್ಬರ ಚೀಲ ಸುರಿದು, ಇದು ಸಕ್ಕರೆಯದು, ಇದು ಗ್ಯಾಸಿನದು, ಇವೆರಡನ್ನು ಒಟ್ಟಿಗೆ ನುಂಗಬೇಡಿ ಎಂದು ತಿಳಿಹೇಳಿ, ಒಂದೊಂದು ಹಾಳೆಯಲ್ಲಿ ಬರೆದು ಸಹಿ ಮಾಡಿದ. ಬದ್ರುನ್ನೀಸಾಳ ಅತ್ತೆ ಒಂದೇ ಮಂಡಿನೋವಿಗೆ ಮೂರು ಕಂಪನಿಗಳ ಮೂರು ಹೆಸರಿನಲ್ಲಿ ಒಂದೇ ಔಷಧ ನುಂಗುತ್ತಿದ್ದಳು. ಅದನ್ನು ಕಂಡುಹಿಡಿದಾಗ ಅವನಿಗೇ ತನ್ನ ಮೇಲೆ ಅಭಿಮಾನ ಬಂತು. ಹದಿನೆಂಟು ವರ್ಷ ಇವರಿಗೆ ಮಾತ್ರೆ ಕೊಟ್ಟಿದ್ದ, ಒಂದು ದಿನವೂ ಹೀಗೆ ಮಾತಾಡಿಸಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಮಾಸಿದ ಕೊಡೆ, ಬಟ್ಟೆಯ ಕೈಚೀಲ ಹಿಡಿದ ಒಬ್ಬ ವಯಸ್ಸಾದವರು ಸಾಲಿನ ಕೊನೆಗೆ ಬಂದು ನಿಂತರು. "ಚನ್ನಲಿಂಗಪ್ಪನವರನ್ನ ನೋಡಬೇಕಿತ್ತು" ಎಂದರು ಮೆಲ್ಲಗೆ.

"ಎಲ್ಲಾರೂ ಅವರನ್ನ ನೋಡಕ್ಕೇ ಬಂದಿರೋದು ಯಜಮಾನ್ರೇ. ಬೆಂಚ್ ಮೇಲೆ ಕೂತ್ಕಳಿ" ಎಂದ ನಾಗರಾಜು. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಜಗಳ ಹತ್ತಿದ್ದರಿಂದ, "ನಿಮಗೆ ಅಕ್ಷರ ಬತ್ತದಾ? ಸುಮ್ಕೆ ಕೂತಿದ್ದೀರಲ್ಲ, ಒಸಿ ಟೋಕನ್ನು ಬರ್ಕೊಡಿ" ಎಂದು ಅವರ ಕೈಗೆ ಪೆನ್ನು, ಹರಿದ ಸಿಗರೇಟ್ ಪ್ಯಾಕಿನ ರಟ್ಟು ಕೊಟ್ಟ. ಯಜಮಾನರು ನಕ್ಕು, ಒಂದು, ಎರಡು, ಮೂರು ಎಂದು ದುಂಡಗೆ ಬರೆದು ಹಂಚತೊಡಗಿದರು. ನಡುನಡುವೆ ಚನ್ನಲಿಂಗಪ್ಪನ ಕಡೆ ಕತ್ತು ಚಾಚಿ ನೋಡುತ್ತಿದ್ದರು. ಮಲಬದ್ಧತೆಯ ಕೇಸು, ಕೇಳಲು ನಾಚಿಕೆ ಪಡುತ್ತಿದ್ದಾರೆ ಎಂದು ಚನ್ನಲಿಂಗಪ್ಪ ಮನಸ್ಸಿನಲ್ಲೇ ಅಂದಾಜು ಮಾಡಿದ.

ಎರಡೂವರೆಗೆ ಕ್ಯಾಲೆಂಡರು ಮುಗಿದವು, ಜನ ಕರಗಿದರು. ಮೇಜಿನ ಪಕ್ಕ ಅವಧಿ ಮೀರಿದ ಮಾತ್ರೆಗಳು ಎರಡು ರಟ್ಟಿನ ಡಬ್ಬಿ ತುಂಬಿದ್ದವು. ಪಕ್ಕದಲ್ಲಿ ಮೂವತ್ತೊಂಬತ್ತು ಹಾಳೆ ದಾಖಲೆ, ಅದರಡಿ ಗಂಗಲಕ್ಷ್ಮಮ್ಮನ ಆರು ವಾರದ ಬಿ.ಪಿ. ಲೆಕ್ಕ. ಪರೀಕ್ಷಕರು ಮಾತ್ರ ಬಂದಿರಲಿಲ್ಲ. ಬರದೇ ಹೋದರೆ? ಬಂದು, ಬೋರ್ಡು ನೋಡಿ ತಿರುಗಿ ಹೋಗಿಬಿಟ್ಟಿದ್ದರೆ? ಚನ್ನಲಿಂಗಪ್ಪನ ಬಾಯಿ ಒಣಗಿತು. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ.

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಇಳಿದವನು ಮೂವತ್ತರ ಯುವಕ, ಟಕ್ ಮಾಡಿದ ಅಂಗಿ, ಚರ್ಮದ ಬ್ಯಾಗು. ಬೋರ್ಡು ಓದಿದ. ಡಬ್ಬಿ ನೋಡಿದ. ಮತ್ತೆ ಬೋರ್ಡು ಓದಿದ.

"ನೀವೇನಾ ಇಲ್ಲಿ ಫಾರ್ಮಸಿಸ್ಟು? ಪರಿಶೀಲನೆಗೆ ಬಂದಿದ್ದೀನಿ" ಎಂದು ಗುರುತಿನ ಚೀಟಿಗೆ ಜೇಬಿಗೆ ಕೈ ಹಾಕಿದ.

"ಬ್ಯಾಡಿ ಸಾರ್, ಬ್ಯಾಡಿ! ಗೊತ್ತಾಯ್ತು. ಬೆಳಿಗ್ಗೆಯಿಂದ ನಿಮ್ಮನ್ನೇ ಕಾಯ್ತಾ ಇದೀನಿ!"

ಯುವಕ ಸ್ವಲ್ಪ ಬೆರಗಾದ. ಹೀಗೆ ಅವನನ್ನು ಯಾವ ಅಂಗಡಿಯವರೂ ಕಾದದ್ದಿರಲಿಲ್ಲವೋ ಏನೋ. "ಇದೆಲ್ಲ ಅವಧಿ ಮೀರಿದ್ದಲ್ಲವೇನ್ರೀ? ನಿಮ್ಮ ಅಂಗಡಿಯದೇನಾ?"

ಆತ್ಮವಿಮರ್ಶೆಗೆ ಹತ್ತು ಅಂಕ ಎಂಬುದು ಚನ್ನಲಿಂಗಪ್ಪನಿಗೆ ನೆನಪಾಯಿತು. ಎರಡು ಸಲವೂ ಅವನು ಅದರಲ್ಲೇ ಸೋತಿದ್ದ. ತನ್ನ ತಪ್ಪುಗಳನ್ನು ಅಭ್ಯರ್ಥಿ ಮರೆಮಾಚುತ್ತಾನೆ ಎಂದು ಷರಾ ಬರೆದಿದ್ದರು. ಈ ಸಲ ಏನನ್ನೂ ಮುಚ್ಚಿಡಬಾರದು.

"ಬಹುಪಾಲು ನಮ್ಮ ಅಂಗಡಿಯದೇ ಸಾರ್. ನಾನೇ ಕೊಟ್ಟಿದ್ದು."

"ಡಾಕ್ಟರ ಚೀಟಿ ಇಲ್ಲದೆ?"

"ಇಲ್ಲಿ ಚೀಟಿ ಯಾರು ತರ್ತಾರೆ ಸಾರ್? ಖಾಲಿ ಶೀಟು ತೋರಿಸ್ತಾರೆ, ಕೊಡ್ತೀವಿ. ಹದಿನೆಂಟು ವರ್ಷದಿಂದ ನಡೆದುಬಂದಿದೆ. ಇದು ನನ್ನ ದೊಡ್ಡ ದೌರ್ಬಲ್ಯ ಅಂತ ನಾನೇ ಗುರುತಿಸಿದೀನಿ."

"ಬರವಣಿಗೆಯಲ್ಲಿ ಕೊಡ್ತೀರಾ?"

"ಆಗಲೇ ಬರೆದಿದೀನಿ ಸಾರ್!" ಚನ್ನಲಿಂಗಪ್ಪ ಹೆಮ್ಮೆಯಿಂದ ಮೂವತ್ತೊಂಬತ್ತು ಹಾಳೆಗಳನ್ನು ಮುಂದಿಟ್ಟ. "ಯಾರಿಗೆ, ಯಾವಾಗ, ಯಾವ ಮಾತ್ರೆ, ಎಷ್ಟು ತಿಂಗಳು ಮೀರಿದೆ, ಎಲ್ಲಾ ಇದೆ. ಪ್ರತಿ ಹಾಳೆಗೂ ಸಹಿ ಮಾಡಿದೀನಿ."

ಯುವಕ ಒಂದೊಂದೇ ಹಾಳೆ ಓದಿದ. ಅವನ ಹುಬ್ಬು ಮೇಲೇರುತ್ತ ಹೋಯಿತು. ಅಂಕವೂ ಹಾಗೆಯೇ ಏರುತ್ತಿದೆ ಎಂದುಕೊಂಡ ಚನ್ನಲಿಂಗಪ್ಪ. "ನನ್ನ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ ಕಣ್ರೀ" ಎಂದ ಯುವಕ ಕೊನೆಗೆ. ಅದು ನಿಜವೂ ಆಗಿತ್ತು.

ಅವನು ಬ್ಯಾಗಿನಿಂದ ಬಿಳಿ ಬಟ್ಟೆ, ದಾರ, ಕೆಂಪು ಅರಗು ತೆಗೆದ. ಡಬ್ಬಿಗಳನ್ನೂ ಮೇಜಿನ ಮೇಲಿದ್ದ ಅಷ್ಟೂ ಹಾಳೆಗಳನ್ನೂ ಬಟ್ಟೆಯಲ್ಲಿ ಕಟ್ಟಿ, ಬೆಂಕಿಕಡ್ಡಿ ಗೀರಿ ಅರಗು ಕರಗಿಸಿ ಮೊಹರು ಒತ್ತಿದ. ಉತ್ತರಪತ್ರಿಕೆಗಳ ಬಂಡಲನ್ನು ಹೀಗೆಯೇ ಸೀಲು ಮಾಡುವುದನ್ನು ಚನ್ನಲಿಂಗಪ್ಪ ಕಾಲೇಜಿನಲ್ಲಿ ನೋಡಿದ್ದ. "ಗೌಪ್ಯ ಇರಬೇಕಲ್ಲ ಸಾರ್" ಎಂದು ತಾನೇ ದಾರ ಹಿಡಿದುಕೊಟ್ಟ.

"ಎರಡು ಸಾಕ್ಷಿ ಬೇಕು" ಎಂದ ಯುವಕ.

"ನಾನಿದೀನಿ ಬುಡಿ" ಎಂದು ನಾಗರಾಜು ಓಡಿಬಂದು ಸಹಿ ಹಾಕಿದ. ಎರಡನೆಯದಕ್ಕೆ ಬೆಂಚಿನ ಮೇಲಿನ ಯಜಮಾನರನ್ನು ತೋಳು ಹಿಡಿದು ಎಬ್ಬಿಸಿದ. "ಆಗ್ಲಿಂದ ಎಲ್ಲಾ ನೋಡವ್ರೆ ಸಾರ್ ಇವ್ರು. ಬನ್ನಿ ಯಜಮಾನ್ರೇ, ಪಾಪ ನಮ್ಮಣ್ಣ ಪಾಸಾಗ್ಲಿ, ಒಂದು ಸೈನ್ ಹಾಕಿ."

ಯಜಮಾನರು ಕಾಗದವನ್ನು ಪೂರ್ತಿ ಓದಿದರು. ಚನ್ನಲಿಂಗಪ್ಪನ ಮುಖ ನೋಡಿದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಸಹಿ ಹಾಕಿ, ಕೆಳಗೆ ವಿವರ ಬರೆದರು. ಯುವಕ ಅದನ್ನು ಗಟ್ಟಿಯಾಗಿ ಓದಿಕೊಂಡ:

"ಡಾಕ್ಟರ್ ಮನೋಹರ್. ನಿವೃತ್ತ ಪ್ರಾಧ್ಯಾಪಕರು. ಬಾಹ್ಯ ಪರೀಕ್ಷಕರು, ಕ್ಲಿನಿಕಲ್ ಫಾರ್ಮಸಿ ದೂರಶಿಕ್ಷಣ."

ಬಸ್ ನಿಲ್ದಾಣದಲ್ಲಿ ಕಂಡಕ್ಟರು ಕನಕಪುರ ಕನಕಪುರ ಎಂದು ಕೂಗುವುದು ಸ್ಪಷ್ಟವಾಗಿ ಕೇಳಿಸಿತು.

"ಇವರು ಪರೀಕ್ಷಕರಾದ್ರೆ," ಚನ್ನಲಿಂಗಪ್ಪ ಯುವಕನ ಕಡೆ ತಿರುಗಿದ, "ನೀವು ಯಾರು ಸಾರ್?"

"ಡ್ರಗ್ಸ್ ಇನ್ಸ್‌ಪೆಕ್ಟರ್, ಶಶಾಂಕ್. ರಾಮನಗರ ಹೊಸ ಜಿಲ್ಲೆ ಆಯ್ತಲ್ಲ, ಹೋದ ತಿಂಗಳು ಬಂದೆ. ಇಲ್ಲಿ ಒಂದು ಫ್ಯಾಕ್ಟರಿ ನೋಡೋಕೆ ಬಂದಿದ್ದೆ. ಗೇಟಲ್ಲಿ ಎಲ್ಲರ ಕೈಯಲ್ಲೂ ಕ್ಯಾಲೆಂಡರು. ವಿಚಾರಿಸಿದೆ. ಡೇಟ್ ಮೀರಿದ ಮಾಲು ಅಂಗಡೀಲಿ ಇಟ್ಟರೆ ಬೇರೆ ಇಡಬೇಕು, ಮಾರಾಟಕ್ಕಲ್ಲ ಅಂತ ಚೀಟಿ ಅಂಟಿಸಬೇಕು ಅಂತ ಗೊತ್ತಿಲ್ವೇನ್ರೀ? ನೀವು ಅಂಟಿಸಿರೋ ಒಂದೇ ಚೀಟಿ ಅಂದ್ರೆ ಆ ಬೋರ್ಡು."

ಬದ್ರುನ್ನೀಸಾಳ ಅತ್ತೆ ಬಿಟ್ಟೆದ್ದ ಕುರ್ಚಿ ಹತ್ತಿರವಿತ್ತು, ಚನ್ನಲಿಂಗಪ್ಪ ಅದರಲ್ಲಿ ಕೂತುಬಿಟ್ಟ. ಆ ದಿನ ಅವನು ಕೂತದ್ದು ಅದೇ ಮೊದಲು. "ಸಾರ್," ಎಂದ ಪರೀಕ್ಷಕರ ಕಡೆ ಕೈಮುಗಿದು, "ನೀವಾದ್ರೂ ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಅಭ್ಯರ್ಥಿಯ ಕೆಲಸಕ್ಕೆ ಅಡ್ಡಿಪಡಿಸದೆ ನೋಡಬೇಕು ಅಂತ ನಿಯಮ ಕಣಪ್ಪ. ನಿಮ್ಮ ಕೆಲಸ ಮುಗೀಲಿ ಅಂತ ಕೂತಿದ್ದೆ. ಅಷ್ಟರಲ್ಲಿ ಇವರು ಬಂದ್ರು, ನಿಮ್ಮ ಪರಿಚಯದವರು ಅಂದ್ಕೊಂಡೆ. ಕಾಗದ ಓದಿದ ಮೇಲೇ ಗೊತ್ತಾಗಿದ್ದು, ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿ ಹಾಕಲ್ಲ ಅನ್ನೋಕಾಗಲಿಲ್ಲ." ಮನೋಹರ್ ಕೊಡೆ ತಿರುಗಿಸುತ್ತ ನಿಜವಾದ ಸಂಕಟದಿಂದ ಹೇಳಿದರು: "ಮಾತುಕತೆಗೆ ನಲವತ್ತಕ್ಕೆ ಮೂವತ್ತೆಂಟು ಕೊಟ್ಟಿದ್ದೆ. ಆತ್ಮವಿಮರ್ಶೆಗೆ ಹತ್ತಕ್ಕೆ ಹತ್ತು. ಅಂಥ ಆತ್ಮವಿಮರ್ಶೆ ನಾನು ಕೇಳೇ ಇಲ್ಲ. ಆದರೆ ಮೂಲ ದಾಖಲೆ ನನ್ನ ಕೈಗೆ ಬರದೆ ಪಾಸು ಮಾಡೋ ಹಾಗಿಲ್ಲ."

ಎಲ್ಲರೂ ಅರಗಿನ ಗಂಟನ್ನು ನೋಡಿದರು. ಇನ್ಸ್‌ಪೆಕ್ಟರು ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು, "ಇದು ಇನ್ನು ಕೋರ್ಟಿನ ಸ್ವತ್ತು ಸಾರ್" ಎಂದ. ಕಾರಣ ಕೇಳಿ ನೋಟೀಸು ವಾರದಲ್ಲಿ ಬರುತ್ತದೆಂದೂ, ಅಲ್ಲಿಯವರೆಗೆ ಅಂಗಡಿಯ ಶಟರು ಎಳೆದಿರಬೇಕೆಂದೂ ಹೇಳಿ, ತಾನೇ ಶಟರನ್ನು ಅರ್ಧ ಎಳೆದು, ಬೈಕಿನ ಹಿಂದೆ ಗಂಟನ್ನು ಬಿಗಿದು ಹೊರಟ.

ಧೂಳು ಇಳಿಯುವುದಕ್ಕೂ ಕೋಡಿಹಳ್ಳಿ ಬಸ್ಸು ಬರುವುದಕ್ಕೂ ಸರಿಹೋಯಿತು. ಅದರಿಂದ ಗಂಗಲಕ್ಷ್ಮಮ್ಮ ಇಳಿದು, ಎದೆಗವಚಿದ ಚೀಲದೊಂದಿಗೆ ಓಡೋಡಿ ಬಂದಳು.

"ತಡ ಆಗೋಯ್ತು ಕಣಣ್ಣ, ತೆಪ್ಪು ತಿಳ್ಕಬ್ಯಾಡ. ಕೋಡಿಹಳ್ಳಿಲಿ ನಮ್ಮಕ್ಕಂಗೂ ತಲೆಸುತ್ತು ಅಂದ್ಲು, ಎರಡು ಶೀಟು ಅವಳಿಗೆ ಕೊಟ್ಬುಟ್ಟಿದ್ದೆ. ಒಂದೂ ಬಿಡದಂಗೆ ತರಬೇಕು ಅಂದಿದ್ಯಲ್ಲ, ಮೊದಲ್ನೇ ಬಸ್ಸಿಗೇ ಓಗಿ ಈಸ್ಕೊಂಡು ಬಂದೆ. ಕೊಡಾಕಿಲ್ಲ ಅಂತ ಕಿತ್ತಾಡುದ್ಲು ಮುಂಡೇದು, ಜಗಳ ಆಡಿ ತಂದಿವ್ನಿ."

ಆರು ವಾರದ ಪಾಠ! ಮನೋಹರ್ ಕೊಡೆಯ ತುದಿಯನ್ನು ನೋಡುತ್ತಿದ್ದರು. ಗಂಗಲಕ್ಷ್ಮಮ್ಮ ಈಗ ಚನ್ನಲಿಂಗಪ್ಪನ ಮುಖವನ್ನು ಸರಿಯಾಗಿ ನೋಡಿದಳು. ಬಿಳುಚಿದ ಮುಖ, ಹಣೆ ತುಂಬ ಬೆವರು, ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ ಕೈ.

"ಅಯ್ಯೋ ಶಿವನೇ, ಇದ್ಯಾಕಣ್ಣ ಹಿಂಗೆ ಕೂತಿದ್ದೀಯಾ? ತಲೆಸುತ್ತಾ?" ಎಂದವಳೇ ಚೀಲಕ್ಕೆ ಕೈ ಹಾಕಿ, ಅಕ್ಕನಿಂದ ಕಿತ್ತುಕೊಂಡು ಬಂದ ಶೀಟಿನಿಂದ ಒಂದು ಮಾತ್ರೆ ಚಿಟಕ್ಕೆಂದು ಕಿತ್ತು, ಅವನ ಮುಂದೆ ಅಂಗೈ ಚಾಚಿದಳು. "ತಕ್ಕಾ, ನಂದೊಂದು ನುಂಗು. ನಂಗೆ ಬೋ ಗುಣ ಕೊಟ್ಟೈತೆ."

ರೋಗಿಯ ಕುರ್ಚಿಯಲ್ಲಿ ಕೂತಿದ್ದ ಚನ್ನಲಿಂಗಪ್ಪ ಆ ಮಾತ್ರೆಯನ್ನು ನೋಡಿದ. ಪರೀಕ್ಷಕರನ್ನು ನೋಡಿದ. ಅರ್ಧ ಎಳೆದಿದ್ದ ಶಟರನ್ನು ನೋಡಿದ.

"ಒಸಿ ನೀರು ತಗೊಂಬಾ ನಾಗರಾಜು" ಎಂದ.